ಕೆನರಾ ಪರ್ಲ್‌ಸ್ಪಾಟ್: ನೇತ್ರಾವತಿ ಸೀಮೆಯ ಸಿಕ್ಲಿಡ್ ಮೀನು

ದಕ್ಷಿಣ ಕನ್ನಡದ ನೇತ್ರಾವತಿ ಮತ್ತು ಅದರ ಉಪನದಿ ಕುಮಾರಧಾರಾ ಹೊಳೆಗಳಲ್ಲಿ ಬದುಕುವ ಸಣ್ಣ ಸಿಹಿನೀರು ಮೀನು. ವೈಜ್ಞಾನಿಕ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. ಸಿಕ್ಲಿಡೇ ಕುಟುಂಬಕ್ಕೆ ಸೇರಿದ ಇದನ್ನು ಅಕ್ವೇರಿಯಂ ಸಾಕಣೆದಾರರು ಬ್ಯಾಂಡೆಡ್ ಕ್ರೊಮೈಡ್ ಎಂದೂ ಕರೆಯುತ್ತಾರೆ. ಬಾಲದ ರೆಕ್ಕೆ ಬಿಟ್ಟು ಅಳೆದರೆ ಉದ್ದ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಮುಟ್ಟುವುದೇ ಹೆಚ್ಚು. ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಜೀವಿ.

ಸಿಕ್ಲಿಡ್ ಎಂದ ಕೂಡಲೇ ಮೀನು ಬಲ್ಲವರಿಗೆ ನೆನಪಾಗುವುದು ಆಫ್ರಿಕದ ಮಲಾವಿ, ಟ್ಯಾಂಗನ್ಯಿಕಾ, ವಿಕ್ಟೋರಿಯಾ ಸರೋವರಗಳು ಅಥವಾ ಅಮೆಜಾನಿನ ಏಂಜೆಲ್ ಮೀನು. ಈ ಕುಟುಂಬದಲ್ಲಿ ವಿಜ್ಞಾನ ಹೆಸರಿಟ್ಟಿರುವ ಪ್ರಭೇದಗಳು 1,700ಕ್ಕೂ ಹೆಚ್ಚು. ಅವುಗಳಲ್ಲಿ ಭಾರತದ ಮೂಲನಿವಾಸಿಗಳು ಮೂರೇ ಮೂರು. ಆ ಮೂರರಲ್ಲಿ ಎರಡು ಶ್ರೀಲಂಕೆಯಲ್ಲೂ ಇವೆ. ಉಳಿದ ಒಂದು ಕನ್ನಡ, ತುಳು ಮಾತನಾಡುವ ಸೀಮೆಯ ಹೊಳೆಯಲ್ಲಿ ಮಾತ್ರ ಇದೆ. ಅಂಥ ಮೀನಿಗೆ ನಮ್ಮ ಶಾಲೆಯ ಪಾಠಗಳಲ್ಲಾಗಲಿ ಊರಿನ ಮಾತಿನಲ್ಲಾಗಲಿ ಸಿಕ್ಕಿರುವ ಜಾಗ ತೀರಾ ಕಡಿಮೆ.

ಹೆಸರಿಟ್ಟವರು

ಈ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಡೇ (1829–1889). ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿ ಭಾರತಕ್ಕೆ ಬಂದ ಈತ ಮುಂದೆ ಇಡೀ ದೇಶದ ಮೀನುಗಾರಿಕೆಯ ಮೇಲ್ವಿಚಾರಣೆಯ ಅಧಿಕಾರಿಯಾದ. 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕ ಬರೆದ. 1875ರಿಂದ 1878ರವರೆಗೆ ಭಾಗ ಭಾಗವಾಗಿ ಹೊರಬಂದ 'ದ ಫಿಶಸ್ ಆಫ್ ಇಂಡಿಯಾ' ಎಂಬ ಚಿತ್ರಸಹಿತ ಗ್ರಂಥ ಅವನ ಜೀವಮಾನದ ಕೆಲಸ. ಕೆನರಾ ಪರ್ಲ್‌ಸ್ಪಾಟಿನ ಮೊದಲ ವಿವರಣೆ ಬಂದದ್ದು ಆ ಗ್ರಂಥದ 1877ರ ಭಾಗದಲ್ಲಿ. ಮಾದರಿ ಸಿಕ್ಕಿದ ಸ್ಥಳ ದಕ್ಷಿಣ ಕೆನರಾ.

ಆ ಕಾಲದ ದಕ್ಷಿಣ ಕೆನರಾ ಜಿಲ್ಲೆಯಲ್ಲಿ ಮೀನಿನ ಬಗ್ಗೆ ಗಂಭೀರವಾಗಿ ಯೋಚಿಸಿದ ಇನ್ನೊಬ್ಬ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್. 1870ರಲ್ಲೇ ಈತ ಜಿಲ್ಲೆಯ ಮೀನುಕೃಷಿಯ ಕುರಿತು ವರದಿ ಪ್ರಕಟಿಸಿದ್ದ. 1873ರಲ್ಲಿ ಗಾಳದ ಬೇಟೆಯ ಬಗ್ಗೆ ಅವನು ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಡೇ ಇದೇ ಜಿಲ್ಲೆಯ ಒಂದು ದೊಡ್ಡ ಮೀನಿಗೆ 1874ರಲ್ಲಿ ಥಾಮಸನ ಹೆಸರನ್ನೇ ಇಟ್ಟ. ಅದು ಇಂದಿನ ಹೈಪ್ಸೆಲೋಬಾರ್ಬಸ್ ಥಾಮಸ್ಸಿ, ಅದೂ ಈಗ ಅಪಾಯದಲ್ಲಿರುವ ಮೀನು. ಗಾಳಕ್ಕೆ ಸಿಕ್ಕಿ ಸೆಣಸುವ ದೊಡ್ಡ ಮೀನುಗಳಿಗೆ ಆಗ ಸಿಕ್ಕ ಗಮನ ಅಂಗೈಯಷ್ಟರ ಪರ್ಲ್‌ಸ್ಪಾಟಿಗೆ ಸಿಗಲಿಲ್ಲ. ಡೇಯ ಗ್ರಂಥದ ನಂತರ ಬಹುಕಾಲ ಈ ಮೀನು ಪಟ್ಟಿಗಳಲ್ಲಿ ಒಂದು ಸಾಲಾಗಿ ಉಳಿಯಿತು. ಅದನ್ನು ಮತ್ತೆ ಹುಡುಕಿಕೊಂಡು ಬಂದವರಲ್ಲಿ ಹೊರದೇಶದ ಸಿಕ್ಲಿಡ್ ಪ್ರಿಯರೇ ಮುಂದಿದ್ದರು.

ಗುರುತು

ದೇಹ ಎತ್ತರವಾಗಿ, ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿದೆ. ಬಾಯಿ ಚಿಕ್ಕದು. ಮೈಯ ತಿಳಿ ಹಳದಿ-ಕಂದು ಬಣ್ಣದ ಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಅಗಲವಾದ ಕಡುಪಟ್ಟೆಗಳಿವೆ. ಹುರುಪೆಗಳ ಮೇಲೆ ತಿಳಿಬಣ್ಣದ ಹೊಳೆಯುವ ಚುಕ್ಕೆಗಳಿರುವುದರಿಂದ ಬಿಸಿಲು ಬಿದ್ದಾಗ ಮೈಯೆಲ್ಲ ಮುತ್ತು ಚೆಲ್ಲಿದಂತೆ ಕಾಣುತ್ತದೆ. ಮೀನು ಬೆದರಿದಾಗ, ಜಗಳಕ್ಕೆ ನಿಂತಾಗ, ಮೊಟ್ಟೆ ಕಾಯುವಾಗ ಪಟ್ಟೆಗಳ ಗಾಢತೆ ಬದಲಾಗುತ್ತದೆ.

ಹೊಳೆಯಲ್ಲಿ ಸಿಗುವ ಕೆಂಡೆ, ಗೆಂಡೆಗಳಂಥ ಕಾರ್ಪ್ ಜಾತಿಯ ಮೀನುಗಳಿಂದ ಯಾವುದೇ ಸಿಕ್ಲಿಡ್ಡನ್ನು ಬೇರ್ಪಡಿಸಲು ಎರಡು ಗುರುತು ಸಾಕು. ಕಾರ್ಪ್ ಮೀನುಗಳ ಮೂತಿಯ ಒಂದೊಂದು ಬದಿಯಲ್ಲಿ ಮೂಗಿನ ಹೊಳ್ಳೆ ಎರಡೆರಡು, ಸಿಕ್ಲಿಡ್ಡಿಗೆ ಒಂದೊಂದೇ. ಎರಡನೆಯದು ಪಾರ್ಶ್ವರೇಖೆ: ಕಿವಿರಿನ ಹಿಂದಿನಿಂದ ಬಾಲದವರೆಗೆ ನೀರಿನ ಅಲುಗಾಟವನ್ನು ಗ್ರಹಿಸುವ ಈ ಗೆರೆ ಸಿಕ್ಲಿಡ್‌ಗಳಲ್ಲಿ ಮಧ್ಯದಲ್ಲಿ ತುಂಡಾಗಿ, ಮುಂದಿನ ಭಾಗ ಮೇಲೂ ಹಿಂದಿನ ಭಾಗ ಕೆಳಗೂ ಇರುತ್ತದೆ.

ಎಟ್ರೋಪ್ಲಸ್ ಕುಲವನ್ನು ಆಫ್ರಿಕದ ಟಿಲಾಪಿಯಾದಂಥ ಸಿಕ್ಲಿಡ್‌ಗಳಿಂದ ಬೇರೆ ಮಾಡುವುದು ಹೊಟ್ಟೆಯ ಹಿಂದಿರುವ ಗುದರೆಕ್ಕೆ. ಟಿಲಾಪಿಯಾದ ಗುದರೆಕ್ಕೆಯಲ್ಲಿ ಗಟ್ಟಿ ಮುಳ್ಳು ಮೂರು. ಎಟ್ರೋಪ್ಲಸ್‌ನಲ್ಲಿ ಹನ್ನೆರಡರ ಆಸುಪಾಸು. ಬಲೆಯಿಂದ ಬಿಡಿಸುವ ಕೈಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಸಿಕ್ಲಿಡ್‌ಗಳ ಯಶಸ್ಸಿಗೆ ಮುಖ್ಯ ಕಾರಣ ಗಂಟಲೊಳಗಿನ ಎರಡನೆಯ ದವಡೆ ಎಂದು ಪ್ರಾಣಿವಿಜ್ಞಾನಿಗಳು ಹೇಳುತ್ತಾರೆ. ಹೊರಗಿನ ಬಾಯಿ ಆಹಾರ ಹಿಡಿಯುತ್ತದೆ, ಒಳಗಿನ ದವಡೆ ಅರೆಯುತ್ತದೆ. ಕೆಲಸ ಹೀಗೆ ಹಂಚಿಕೆಯಾದ್ದರಿಂದ ಹೊರಬಾಯಿ ಪಾಚಿ ಕೆರೆಯಲೋ ಹುಳ ಹೆಕ್ಕಲೋ ಇನ್ನೊಂದು ಮೀನಿನ ಹುರುಪೆ ಕೀಳಲೋ ಬೇಕಾದಂತೆ ಮಾರ್ಪಾಡಾಗಲು ಅವಕಾಶ ಸಿಕ್ಕಿತು. ಆಫ್ರಿಕದ ಸರೋವರಗಳಲ್ಲಿ ನೂರಾರು ಪ್ರಭೇದಗಳಾಗಿ ಒಡೆದದ್ದು ಈ ಬಲದಿಂದಲೇ. ಭಾರತದ ಕವಲು ಹಾಗೆ ಹರಡಲಿಲ್ಲ. ಅದು ಮೂರರಲ್ಲೇ ನಿಂತಿತು.

ಬಂಧುಬಳಗ

ಮೂವರಲ್ಲಿ ದೊಡ್ಡದು ಎಟ್ರೋಪ್ಲಸ್ ಸುರಾಟೆನ್ಸಿಸ್. ಜರ್ಮನಿಯ ವಿಜ್ಞಾನಿ ಬ್ಲಾಕ್ 1790ರಲ್ಲಿ ವಿವರಿಸಿದ ಈ ಮೀನೇ ಮಲಯಾಳಿಗಳ ಕರಿಮೀನು. ಅಳಿವೆ, ಹಿನ್ನೀರು, ಸಿಹಿನೀರು ಮೂರಕ್ಕೂ ಒಗ್ಗುತ್ತದೆ. ಕೇರಳ ಸರ್ಕಾರ 2010ರಲ್ಲಿ ಇದನ್ನು ರಾಜ್ಯದ ಮೀನೆಂದು ಘೋಷಿಸಿತು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಕರಿಮೀನ್ ಪೊಳ್ಳಿಚ್ಚದ್ದು ಅಲೆಪ್ಪಿಯ ಹೋಟೆಲುಗಳ ಹೆಗ್ಗಳಿಕೆ. ಎರಡನೆಯದು ಬ್ಲಾಕ್‌ನೇ 1795ರಲ್ಲಿ ಹೆಸರಿಟ್ಟ ಸಣ್ಣ ಹಳದಿ-ಕಿತ್ತಳೆ ಮೀನು, ಮಲಯಾಳದ ಪಳ್ಳತ್ತಿ. ಇದನ್ನು ಈಗ ಸ್ಯೂಡೆಟ್ರೋಪ್ಲಸ್ ಮ್ಯಾಕ್ಯುಲೇಟಸ್ ಎಂದು ಬೇರೆ ಕುಲಕ್ಕೆ ಸೇರಿಸಲಾಗಿದೆ. ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲಿ ಇದು ಬಹಳ ಹಿಂದಿನಿಂದ ಮಾರಾಟದಲ್ಲಿದೆ. ಹೀಗೆ ಒಂದಕ್ಕೆ ಅಡುಗೆಮನೆಯ ಕೀರ್ತಿ, ಇನ್ನೊಂದಕ್ಕೆ ಗಾಜಿನ ತೊಟ್ಟಿಯ ಕೀರ್ತಿ ಬಂತು. ಕೆನರಾ ಪರ್ಲ್‌ಸ್ಪಾಟಿಗೆ ಎರಡೂ ಬರಲಿಲ್ಲ.

ಈ ಮೂರರ ಹತ್ತಿರದ ನೆಂಟರು ಭಾರತದಲ್ಲಿಲ್ಲ, ಅರಬ್ಬೀ ಸಮುದ್ರದಾಚೆಯ ಮಡಗಾಸ್ಕರ್ ದ್ವೀಪದಲ್ಲಿದ್ದಾರೆ. ಅಲ್ಲಿನ ಪ್ಯಾರೆಟ್ರೋಪ್ಲಸ್ ಕುಲವನ್ನೂ ಇವುಗಳನ್ನೂ ಸೇರಿಸಿ ಎಟ್ರೋಪ್ಲಿನೇ ಎಂಬ ಉಪಕುಟುಂಬ ಮಾಡಿದ್ದಾರೆ. ಸಿಹಿನೀರಿನ ಮೀನು ಸಾವಿರಾರು ಕಿಲೋಮೀಟರ್ ಕಡಲು ದಾಟಿ ಎರಡು ಕಡೆ ಇರುವುದು ಹೇಗೆ? ಹಳೆಯ ಉತ್ತರ ಗೊಂಡ್ವಾನ ಖಂಡದ್ದು. ಭಾರತ ಮತ್ತು ಮಡಗಾಸ್ಕರ್ ಸುಮಾರು 8.8 ಕೋಟಿ ವರ್ಷಗಳ ಹಿಂದಿನವರೆಗೆ ಒಂದೇ ನೆಲವಾಗಿದ್ದವು. ನೆಲ ಒಡೆದಾಗ ಮೀನೂ ಎರಡು ಪಾಲಾಯಿತು ಎಂಬುದು ಆ ವಾದ. ಇದಕ್ಕೆ ದೊಡ್ಡ ತೊಡಕು ಪಳೆಯುಳಿಕೆಗಳದ್ದು: ಸಿಕ್ಕಿರುವ ಅತಿ ಹಳೆಯ ಸಿಕ್ಲಿಡ್ ಪಳೆಯುಳಿಕೆಗಳು ಟಾಂಜಾನಿಯಾದ ಮಹೆಂಗೆಯವು, ಅವುಗಳ ವಯಸ್ಸು ಸುಮಾರು 4.6 ಕೋಟಿ ವರ್ಷ ಮಾತ್ರ. ಮ್ಯಾಟ್ ಫ್ರೀಡ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಪಳೆಯುಳಿಕೆ ಮತ್ತು ವಂಶವಾಹಿಗಳ ಲೆಕ್ಕವನ್ನು ಒಟ್ಟಿಗಿಟ್ಟು, ಇಡೀ ಕುಟುಂಬವೇ ಹುಟ್ಟಿದ್ದು 5.7ರಿಂದ 6.5 ಕೋಟಿ ವರ್ಷಗಳ ಹಿಂದೆ, ಅಂದರೆ ಖಂಡಗಳು ಬೇರೆಯಾದ ಎಷ್ಟೋ ಕಾಲದ ನಂತರ ಎಂದು ವಾದಿಸಿದರು. ಹಾಗಾದರೆ ಇವುಗಳ ಪೂರ್ವಜರು ಕಡಲನ್ನೇ ದಾಟಿರಬೇಕು. ಕರಿಮೀನು ಇಂದಿಗೂ ಉಪ್ಪುನೀರನ್ನು ತಾಳಿಕೊಳ್ಳುತ್ತದೆ ಎಂಬುದನ್ನು ನೆನೆದರೆ ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಚರ್ಚೆ ಮುಗಿದಿಲ್ಲ. ಅದರ ಒಂದು ಮುಖ್ಯ ಸಾಕ್ಷಿ ಉಪ್ಪಿನಂಗಡಿಯ ಸುತ್ತಿನ ನೀರಿನಲ್ಲಿದೆ ಎಂಬುದೇ ನಮಗೆ ಹೆಮ್ಮೆಯ ಸಂಗತಿ.

ಸಂಸಾರ

ಎಟ್ರೋಪ್ಲಸ್ ಬಳಗದ ಮೀನುಗಳು ಜೋಡಿಯಾಗಿ ಸಂಸಾರ ಮಾಡುತ್ತವೆ. ಗಂಡು ಹೆಣ್ಣು ಸೇರಿ ಕಲ್ಲನ್ನೋ ಮುಳುಗಿದ ಮರದ ತುಂಡನ್ನೋ ಬಾಯಿಂದ ಉಜ್ಜಿ ಚೊಕ್ಕ ಮಾಡುತ್ತವೆ. ಹೆಣ್ಣು ಅದರ ಮೇಲೆ ಒಂದೊಂದಾಗಿ ಮೊಟ್ಟೆ ಅಂಟಿಸುತ್ತದೆ. ಪ್ರತಿ ಮೊಟ್ಟೆಗೂ ಸಣ್ಣ ತೊಟ್ಟಿರುತ್ತದೆ, ಹರಿವ ನೀರಿನಲ್ಲಿ ಅದು ತೂಗಾಡುತ್ತದೆ. ತಂದೆತಾಯಿ ಸರದಿಯ ಮೇಲೆ ರೆಕ್ಕೆಯಿಂದ ಗಾಳಿ ಹಾಕಿದಂತೆ ನೀರಾಡಿಸಿ, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತವೆ. ಮರಿಗಳು ಈಜಲು ಕಲಿತ ಮೇಲೂ ಗುಂಪನ್ನು ಬಿಟ್ಟುಹೋಗುವುದಿಲ್ಲ.

ಪಳ್ಳತ್ತಿಯ ಮರಿಗಳು ಹೆತ್ತವರ ಮೈಗೆ ತಾಗಿ ತಾಗಿ ಮೈಲೋಳೆಯನ್ನು ಮೆಲ್ಲುವುದನ್ನು ಸಂಶೋಧಕರಾದ ವಾರ್ಡ್ ಮತ್ತು ಬಾರ್ಲೋ 1967ರಲ್ಲಿ ವಿವರಿಸಿದರು. ಹಾಲೂಡಿಸುವ ಪ್ರಾಣಿಗಳಲ್ಲದ ಜೀವಿಗಳಲ್ಲಿ ಇಂಥ ಉಣಿಸುವಿಕೆ ಅಪರೂಪ. ಇನ್ನೊಂದು ಬಾಂಧವ್ಯ ಶ್ರೀಲಂಕೆಯ ಹಿನ್ನೀರುಗಳಲ್ಲಿ ಬೆಳಕಿಗೆ ಬಂತು. ಪಳ್ಳತ್ತಿಯ ಎಳೆಯ ಮೀನುಗಳು ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು, ಬೂಜನ್ನು ಹೆಕ್ಕಿ ಶುಚಿ ಮಾಡುತ್ತವೆ, ಕರಿಮೀನು ಅದಕ್ಕಾಗಿ ಅಲುಗದೆ ನಿಲ್ಲುತ್ತದೆ. ವೈಮನ್ ಮತ್ತು ವಾರ್ಡ್ ಇದನ್ನು 1972ರಲ್ಲಿ ದಾಖಲಿಸಿದರು. ಅದೇ ಪಳ್ಳತ್ತಿ ಸಮಯ ಸಿಕ್ಕರೆ ಕರಿಮೀನಿನ ಮೊಟ್ಟೆ ಮರಿಗಳನ್ನೂ ನುಂಗುತ್ತದೆ. ಸೇವೆ, ಕಳ್ಳತನ ಎರಡೂ ಒಂದೇ ನೆರೆಯವನಿಂದ.

ಕೇಳುವ ಶಕ್ತಿಯಲ್ಲೂ ಈ ಬಳಗ ಮುಂದಿದೆ. ಗಾಳಿಚೀಲದ ಮುಂತುದಿಯ ಎರಡು ಕವಲುಗಳು ಒಳಗಿವಿಯವರೆಗೆ ಚಾಚಿಕೊಂಡಿರುವುದರಿಂದ ನೀರಿನ ಸದ್ದು ನೇರವಾಗಿ ಕಿವಿ ಮುಟ್ಟುತ್ತದೆ. ಪಳ್ಳತ್ತಿ ಸುಮಾರು 3 ಕಿಲೋಹರ್ಟ್ಸ್‌ವರೆಗಿನ ಸದ್ದನ್ನು ಗ್ರಹಿಸುತ್ತದೆ ಎಂದು 2012ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಗಾಳಿಚೀಲ ತೀರಾ ಕಿರಿದಾದ ಒಂದು ಆಫ್ರಿಕನ್ ಸಿಕ್ಲಿಡ್ ಅದೇ ಪ್ರಯೋಗದಲ್ಲಿ 0.7 ಕಿಲೋಹರ್ಟ್ಸ್‌ಗೇ ನಿಂತಿತು.

ಕೆನರಾ ಪರ್ಲ್‌ಸ್ಪಾಟ್ ಕೂಡ ಗುಂಪಾಗಿ ಓಡಾಡುವ, ಜೋಡಿ ಕಟ್ಟಿ ಮೊಟ್ಟೆ ಕಾಯುವ ಮೀನು. ಸಾಕಿದವರ ಅನುಭವದಲ್ಲಿ ಇದು ಒಂಟಿಯಾಗಿಟ್ಟರೆ ಅಂಜುತ್ತದೆ, ಉಪ್ಪು ಬೇಡುವುದಿಲ್ಲ, ಮೆದುವಾದ ತಿಳಿನೀರು ಬಯಸುತ್ತದೆ. ಘಟ್ಟದ ಕಾಡಿನಿಂದ ಇಳಿದು ಬರುವ ಹೊಳೆಯ ನೀರು ಇರುವುದೂ ಹಾಗೆಯೇ.

ಹೊಳೆ

ನೇತ್ರಾವತಿ ಕುದುರೆಮುಖ ಸೀಮೆಯಲ್ಲಿ ಹುಟ್ಟಿ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳಗಳನ್ನು ಹಾದು ಮಂಗಳೂರಿನಲ್ಲಿ ಗುರುಪುರ ಹೊಳೆಯ ಜತೆ ಸಮುದ್ರ ಸೇರುತ್ತದೆ. ಉದ್ದ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಕುಮಾರಧಾರಾ ಸುಬ್ರಹ್ಮಣ್ಯದ ಮೇಲಿನ ಪುಷ್ಪಗಿರಿ ಕಾಡುಗಳ ನೀರು ಹೊತ್ತು ಬಂದು ಉಪ್ಪಿನಂಗಡಿಯಲ್ಲಿ ಅದನ್ನು ಕೂಡುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಹೊಳೆಗಳು ಕೆಂಪಾಗಿ ಉಕ್ಕುತ್ತವೆ. ಏಪ್ರಿಲ್ ಹೊತ್ತಿಗೆ ಬಂಡೆಗಳ ನಡುವಿನ ಮಡುಗಳಾಗಿ, ತುಳುನಾಡಿನವರ ಮಾತಿನ ಕಯಗಳಾಗಿ ಉಳಿಯುತ್ತವೆ. ಇಲ್ಲಿನ ಮೀನಿನ ಬದುಕು ನಿಂತಿರುವುದು ಈ ಕಯಗಳ ಮೇಲೆ. ಬೇಸಿಗೆಯ ಎರಡು ಮೂರು ತಿಂಗಳು ಅಲ್ಲಿ ನೀರು ಆಳವಾಗಿ ತಂಪಾಗಿ ನಿಂತರೆ ಮಾತ್ರ ಮುಂದಿನ ಮಳೆಗಾಲಕ್ಕೆ ಸಂತತಿ ಉಳಿಯುತ್ತದೆ.

ಅದಕ್ಕೇ ಕಯದ ಮೇಲೆ ನಡೆಯುವ ದಾಳಿ ಬಹಳ ಕೆಟ್ಟದ್ದು. ಹಿಂದೆ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನಿಗೆ ಮಂಪರು ಬರಿಸುವ ರೂಢಿ ಇತ್ತು. ಅದರ ಜಾಗಕ್ಕೆ ಕೀಟನಾಶಕ, ಬ್ಲೀಚಿಂಗ್ ಪೌಡರ್, ತೋಟೆ ಬಂದವು. ಇವು ಬೇಕಾದ ಮೀನು ಬೇಡದ ಮೀನು ಎಂದು ನೋಡುವುದಿಲ್ಲ, ಮರಿಯನ್ನೂ ಮರಿ ತಿನ್ನುವ ಹುಳವನ್ನೂ ಒಟ್ಟಿಗೆ ಮುಗಿಸುತ್ತವೆ. ಮರಳು ತೆಗೆಯುವಿಕೆ ಇನ್ನೊಂದು ಪೆಟ್ಟು: ತಳ ಕದಡಿ ಎದ್ದ ಕೆಸರು ಕಲ್ಲುಗಳ ಮೇಲೆ ಕೂತರೆ ಮೊಟ್ಟೆ ಅಂಟಿಸಲು ಚೊಕ್ಕ ಜಾಗ ಸಿಗುವುದಿಲ್ಲ, ಅಂಟಿಸಿದ ಮೊಟ್ಟೆಗೆ ಉಸಿರು ಸಿಗುವುದಿಲ್ಲ.

ಅಡಿಕೆ ತೋಟಗಳ ಸಂಬಂಧ ಇನ್ನೂ ಸೂಕ್ಷ್ಮ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದು ನೂರು ವರ್ಷಕ್ಕೂ ಹಳೆಯ ಪದ್ಧತಿ. ಅದಿಲ್ಲದೆ ಕರಾವಳಿಯ ಅಡಿಕೆ ಉಳಿಯುತ್ತಿರಲಿಲ್ಲ. ಆದರೆ ತಾಮ್ರ ಜಲಜೀವಿಗಳಿಗೆ ವಿಷ, ಅದರಲ್ಲೂ ಕೆನರಾದ ಹೊಳೆಗಳಂಥ ಮೆದುನೀರಿನಲ್ಲಿ ಅದರ ವಿಷಗುಣ ಹೆಚ್ಚು. ಡ್ರಮ್ಮು ತೊಳೆದ ನೀರನ್ನು ತೋಡಿಗೆ ಚೆಲ್ಲದೆ ತೋಟದ ಮಣ್ಣಿಗೇ ಬಿಡುವುದು ಯಾವ ಖರ್ಚೂ ಇಲ್ಲದ ಉಪಕಾರ.

ಇದೇ ತೋಟಗಾರರ ಇನ್ನೊಂದು ಪದ್ಧತಿ ಮೀನಿಗೆ ಒಳ್ಳೆಯದನ್ನೇ ಮಾಡಿತ್ತು ಎಂದು ನನ್ನ ಅನಿಸಿಕೆ. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಮಳೆ ನಿಂತ ಮೇಲೆ ಊರವರು ಸೇರಿ ಕಲ್ಲು ಮಣ್ಣಿನ ಕಟ್ಟ ಕಟ್ಟಿ ಹೊಳೆಯ ನೀರನ್ನು ತಡೆಯುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು. ಬೇಸಿಗೆಯಲ್ಲಿ ನೀರೂ ನಿಂತಿತು, ಮಳೆಗಾಲದಲ್ಲಿ ಮೀನಿನ ದಾರಿಯೂ ತೆರೆಯಿತು. ಶಂಭೂರು, ತುಂಬೆಗಳಲ್ಲಿ ಈಗ ನೇತ್ರಾವತಿಗೆ ಅಡ್ಡಲಾಗಿ ನಿಂತಿರುವ ಕಾಂಕ್ರೀಟ್ ಕಟ್ಟೆಗಳು ವರ್ಷವಿಡೀ ಅಲ್ಲೇ ಇರುತ್ತವೆ. ತುಂಬೆಯ ಕಿಂಡಿ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಕೊಡುತ್ತದೆ, ಅದನ್ನು ಬೇಡವೆನ್ನಲಾಗದು. ಹರಿವ ಹೊಳೆ ಅಲ್ಲಿ ಕೆರೆಯ ಗುಣ ಪಡೆಯುತ್ತದೆ ಎಂಬುದೂ ನಿಜ, ಮತ್ತು ಕೆರೆಯಂಥ ನೀರು ಬೇರೊಂದು ಸಿಕ್ಲಿಡ್ಡಿಗೆ ಹೇಳಿಮಾಡಿಸಿದ ಜಾಗ.

ಜವಳಗಿರಿಯ ಕಡೆಯ ಸಿಕ್ಲಿಡ್

ಆ ಬೇರೊಂದು ಮೀನನ್ನು ನೋಡಲು ಘಟ್ಟ ಹತ್ತಿ ಪೂರ್ವಕ್ಕೆ ಬರಬೇಕು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಜವಳಗಿರಿ, ತಳಿ, ಡೆಂಕಣಿಕೋಟೆ, ಹೊಸೂರುಗಳ ಕನ್ನಡಿಗರಿಗೆ ಅದು ಚೆನ್ನಾಗಿ ಗೊತ್ತು: ಜಿಲೇಬಿ ಮೀನು, ತಮಿಳಿನಲ್ಲಿ ಜಿಲೇಬಿ ಕೆಂಡೈ, ಪುಸ್ತಕದ ಹೆಸರು ಟಿಲಾಪಿಯಾ. ಡೇ ತನ್ನ ಗ್ರಂಥ ಬರೆಯುವಾಗ ದಕ್ಷಿಣ ಕೆನರಾ ಮತ್ತು ಸೇಲಂ ಜಿಲ್ಲೆಯ ಹೊಸೂರು ಎರಡೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಟಿಲಾಪಿಯಾ ಆಗ ಈ ಪ್ರಾಂತ್ಯದಲ್ಲಿ ಎಲ್ಲೂ ಇರಲಿಲ್ಲ. ಆಫ್ರಿಕದ ಮೊಜಾಂಬಿಕ್ ಟಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ, ಶ್ರೀಲಂಕೆಯಿಂದ ಮಂಡಪಂಗೆ. ಬಡವರಿಗೆ ಅಗ್ಗದ ಪ್ರೋಟೀನ್ ಸಿಗಲಿ ಎಂಬುದು ಉದ್ದೇಶ. ದಕ್ಷಿಣದ ಕೆರೆ ಜಲಾಶಯಗಳಿಗೆ ಅದು ಬೇಗನೆ ಹರಡಿತು. ಮುಂದೆ ನೈಲ್ ಟಿಲಾಪಿಯಾವೂ ಬಂತು.

ಜವಳಗಿರಿ ಕಾವೇರಿ ಉತ್ತರ ವನ್ಯಧಾಮದ ಕಡೆಯ ಊರು, ಬನ್ನೇರುಘಟ್ಟದಿಂದ ಬರುವ ಆನೆಗಳ ದಾರಿ. ಇಲ್ಲಿನ ಹಳ್ಳಗಳು ಮಳೆ ಬಿದ್ದಾಗ ಹರಿದು ಉಳಿದ ಕಾಲ ಗುಂಡಿಗಳಾಗಿ ನಿಲ್ಲುವಂಥವು. ಉತ್ತರಕ್ಕೆ ಹೊಸೂರಿನ ಬಳಿ ದಕ್ಷಿಣ ಪಿನಾಕಿನಿಗೆ ಕೆಲವರಪಳ್ಳಿ ಜಲಾಶಯ, ಮುಂದೆ ಅದೇ ಹೊಳೆಗೆ ಕೃಷ್ಣಗಿರಿ ಅಣೆಕಟ್ಟು. ಬೆಂಗಳೂರಿನ ಕೊಳಚೆ ಹೊತ್ತು ಬರುವ ಪಿನಾಕಿನಿ ಕೆಲವರಪಳ್ಳಿಯಲ್ಲಿ ನೊರೆಗಟ್ಟಿದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಇಂಥ ನೀರಿನಲ್ಲೂ ಟಿಲಾಪಿಯಾ ಬದುಕುತ್ತದೆ. ಮೊಟ್ಟೆಗಳನ್ನು ಕಲ್ಲಿಗೆ ಅಂಟಿಸುವ ಗೋಜು ಅದಕ್ಕಿಲ್ಲ, ಹೆಣ್ಣು ಬಾಯಲ್ಲಿಟ್ಟುಕೊಂಡೇ ಮರಿ ಮಾಡುತ್ತದೆ. ತಳ ಕೆಸರಾದರೂ ನಡೆಯುತ್ತದೆ, ಆಮ್ಲಜನಕ ಕಡಿಮೆಯಾದರೂ ನಡೆಯುತ್ತದೆ, ವರ್ಷಕ್ಕೆ ಹಲವು ಬಾರಿ ಸಂತಾನವಾಗುತ್ತದೆ. ಕೃಷ್ಣಗಿರಿ ಡ್ಯಾಮಿಗೆ ಹೋದವರು ಹುರಿದ ಮೀನು ತಿನ್ನದೆ ಬರುವುದು ಕಡಿಮೆ. ಸಾವಿರಾರು ಸಂಸಾರಗಳಿಗೆ ಅಗ್ಗದ ಊಟ ಕೊಟ್ಟ ಮೀನನ್ನು ಹಳಿಯುವುದು ನ್ಯಾಯವಲ್ಲ. ಅದನ್ನು ಹೊಸ ಹೊಳೆಗಳಿಗೆ ಬಿಡಬಾರದು ಎಂಬುದು ಬೇರೆ ಮಾತು. ಜಾಗಕ್ಕಾಗಿ, ಪಾಚಿಗಾಗಿ ಊರ ಮೀನುಗಳೊಂದಿಗೆ ಪೈಪೋಟಿಗಿಳಿದು ಅವನ್ನು ಹಿಂದೆ ಸರಿಸಿದ್ದು ಅನೇಕ ಜಲಾಶಯಗಳಲ್ಲಿ ಕಂಡಿದೆ. ಒಂದೇ ಕೊಳ್ಳವನ್ನು ನಂಬಿದ ಕೆನರಾ ಪರ್ಲ್‌ಸ್ಪಾಟಿಗೆ ಸರಿದು ಹೋಗಲು ಇನ್ನೊಂದು ಜಾಗವಿಲ್ಲ.

ಘಟ್ಟದ ಎರಡು ಬದಿಯ ನೀರನ್ನು ಈಗ ಮನುಷ್ಯರೇ ಜೋಡಿಸುತ್ತಿದ್ದಾರೆ. ಎತ್ತಿನಹೊಳೆ ಯೋಜನೆ ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ ಮಳೆಗಾಲದಲ್ಲಿ 24 ಟಿಎಂಸಿ ನೀರೆತ್ತಿ ಪೂರ್ವದ ಒಣ ಜಿಲ್ಲೆಗಳಿಗೆ ಒಯ್ಯುವ ಯೋಜನೆ. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ನಿಜವಾದದ್ದು, ಅಲ್ಲಿಂದ ಹೊಸೂರು ದೂರವಿಲ್ಲ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಆ ನಾಲ್ಕೂ ಹಳ್ಳಗಳು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ ಸೇರಬೇಕಾದವು. ಗುಂಡ್ಯದ ಜಲವಿದ್ಯುತ್ ಯೋಜನೆ ಬೇಡವೆಂದು ಮಾಧವ ಗಾಡ್ಗೀಳರ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲೇ ಹೇಳಿತ್ತು. ಮೇಲಿನ ಹಳ್ಳಗಳ ಹರಿವು ಇಳಿದರೆ ಕೆಳಗಿನ ಕಯಗಳಿಗೆ ಏನಾಗುತ್ತದೆ ಎಂಬುದನ್ನು ನೀರೆತ್ತುವ ಪ್ರತಿ ವರ್ಷವೂ ಅಳೆಯಬೇಕು, ಅಳತೆಯನ್ನು ಜನರ ಮುಂದಿಡಬೇಕು.

ಉಳಿಸುವ ದಾರಿ

ಈ ಕೊಳ್ಳದಲ್ಲಿ ಮೀನು ಕಾಯುವ ಸಂಪ್ರದಾಯ ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವಾಲು ಮೀನುಗಳು ಶಿಶಿಲೇಶ್ವರನ ಸ್ವತ್ತು, ಅಲ್ಲಿ ಬಲೆ ಬೀಸುವಂತಿಲ್ಲ. ದುಷ್ಕರ್ಮಿಗಳು ವಿಷ ಹಾಕಿ ಕೊಂದ ಮೀನುಗಳಿಗೆ ಊರವರು ಸ್ಮಾರಕ ಕಟ್ಟಿದ ಜಾಗ ಅದು. ದೊಡ್ಡ ಮೀನಿಗಾಗಿ ಕಾದ ಮಡುವಿನಲ್ಲಿ ಸಣ್ಣ ಮೀನುಗಳಿಗೂ ನೆಲೆ ಸಿಗುತ್ತದೆ. ನೇತ್ರಾವತಿ, ಕುಮಾರಧಾರೆಗಳ ಇನ್ನಷ್ಟು ಕಯಗಳಿಗೆ ಇಂಥದೇ ಕಾವಲು ಸಿಕ್ಕರೆ ಪರ್ಲ್‌ಸ್ಪಾಟಿಗೆ ಬೇರೆ ಯೋಜನೆಯೇ ಬೇಡವಾಗಬಹುದು.

ಭಾರತದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲಿ, ಇದೇ ನೇತ್ರಾವತಿ ಕಡಲು ಸೇರುವ ಊರಿನಲ್ಲಿ. ಕರಿಮೀನಿನ ಮರಿ ಉತ್ಪಾದನೆಯನ್ನು ಕೇರಳದ ಹ್ಯಾಚರಿಗಳು ಸಾಧಿಸಿವೆ. ಕೆನರಾ ಪರ್ಲ್‌ಸ್ಪಾಟ್ ತೊಟ್ಟಿಯಲ್ಲಿ ಮರಿ ಮಾಡುತ್ತದೆ ಎಂಬುದನ್ನು ಹವ್ಯಾಸಿಗಳು ತೋರಿಸಿದ್ದಾರೆ. ಹಾಗಾಗಿ ಇದರ ಸಾಕಣೆ ಕರ್ನಾಟಕದ ಕೈಗೆಟುಕದ ಕೆಲಸವೇನಲ್ಲ. ಅಕ್ವೇರಿಯಂ ಮಾರುಕಟ್ಟೆಗೆ ಬೇಕಾದ ಮೀನು ಹೊಳೆಯಿಂದ ಹಿಡಿದದ್ದಾಗದೆ ತೊಟ್ಟಿಯಲ್ಲಿ ಹುಟ್ಟಿದ್ದಾದರೆ ಹೊಳೆಯ ಮೇಲಿನ ಒಂದು ಒತ್ತಡ ಇಳಿಯುತ್ತದೆ. ಸಾಕುವವರು ಆರೆಂಟು ಮೀನುಗಳನ್ನು ಒಟ್ಟಿಗೆ, ಅಗಲವಾದ ತೊಟ್ಟಿಯಲ್ಲಿ, ಕಲ್ಲು ಮತ್ತು ಮರದ ಬೇರುಗಳ ಮರೆ ಕೊಟ್ಟು ಇಡಬೇಕು. ನೀರನ್ನು ವಾರ ವಾರ ಭಾಗಶಃ ಬದಲಿಸಬೇಕು. ಸಾಕಿ ಸಾಕಾದ ಮೀನನ್ನು ಊರ ಕೆರೆಗೋ ಹೊಳೆಗೋ ಬಿಡಕೂಡದು, ಅದು ಪರ್ಲ್‌ಸ್ಪಾಟೇ ಆಗಿರಲಿ, ಟಿಲಾಪಿಯಾವೇ ಆಗಿರಲಿ.